ಗೌರಿಯ ಹೊತ್ತಿಗೆ ಹಸಿದ ಮೀನುಗಳು

ಹೊಸದುರ್ಗದಲ್ಲಿ ಎಣ್ಣೆ ಮಿಲ್ಲಿನ ಮುಂದೆ ಬಸ್ಸಿಗೆ ಕಾಯುತ್ತ ಕೂತಿದ್ದೆ. ಒಳಗೆ ಶೇಂಗಾ ಹಿಂಡಿಯನ್ನು ಚೀಲಕ್ಕೆ ತುಂಬುತ್ತಿದ್ದರು. ಹೊರಗಿಟ್ಟ ಒಂದು ಚೀಲ ಮಳೆಗೆ ನೆನೆದು ಹುಳಿ ಬಂದಿತ್ತು. ಪಕ್ಕದಲ್ಲಿದ್ದವರು ಮೂಗಿಗೆ ಸೆರಗು ಮುಚ್ಚಿಕೊಂಡರು. ನನಗೆ ಆ ವಾಸನೆಗೆ ಮಾರಿಕಣಿವೆ ಅಣೆಕಟ್ಟು ತುಂಬಿ ಕೋಡಿ ಬಿದ್ದ ವರ್ಷದ ಮಳೆಗಾಲ ಪೂರ್ತಿ ಎದುರಿಗೆ ಬಂದು ನಿಂತಿತು. ಅದರ ಜೊತೆ ನನ್ನ ವಾರಗಿತ್ತಿ ಗೌರಿಯೂ ಬಂದಳು. ಅವಳು ಬರದ ನೆನಪು ನನ್ನ ಹತ್ತಿರ ಕಡಿಮೆ.

ಗೌರಿ ನನ್ನ ಗಂಡನ ತಮ್ಮನ ಹೆಂಡತಿ. ನಮ್ಮಿಬ್ಬರ ಮನೆಗೆ ನಡುವೆ ಒಂದೇ ಗೋಡೆ. ನಾನು ಹರಿಯಬ್ಬೆಯಿಂದ ಸೊಸೆಯಾಗಿ ಬಂದಾಗ ಅತ್ತೆ ಕೈಗೆ ಕುಡುಗೋಲು ಕೊಟ್ಟಳು. ಗೌರಿ ಬಂದಾಗ ಕನ್ನಡಿ ಕೊಟ್ಟಳು. ನಾನು ಬಸುರಿಯಾದಾಗ ಶೇಂಗಾ ಹೊಲದ ಕಳೆ ತೆಗೆಯಲು ಕಳಿಸಿದರು. ಅವಳು ಬಸುರಿಯಾದಾಗ ಐದು ಥರದ ಅನ್ನ ಮಾಡಿ, ಹಸಿರು ಬಳೆ ತೊಡಿಸಿ, ಊರ ಹೆಂಗಸರನ್ನು ಕರೆದು ಬಯಕೆ ಊಟ ಹಾಕಿದರು. ಬಡಿಸಿದವಳು ನಾನು. ಇದನ್ನೆಲ್ಲ ಮರೆತಿದ್ದೇನೆ ಅಂತ ಬರೆದರೆ ಸುಳ್ಳಾಗುತ್ತದೆ.

ಒಂದೇ ಒಂದು ವಿಷಯದಲ್ಲಿ ನಾನು ಅವಳಿಗಿಂತ ಮೇಲಿದ್ದೆ. ಅದು ಮೀನು.

ನಮ್ಮೂರ ರುದ್ರಣ್ಣ ಮಠಕ್ಕೆ ನಡೆದುಕೊಳ್ಳುವ ಮನುಷ್ಯ. ಮನೆಯಲ್ಲಿ ಕೋಳಿಮೊಟ್ಟೆಯನ್ನೂ ಒಡೆಯುವುದಿಲ್ಲ. ಆದರೆ ಹಿನ್ನೀರಿನ ಪಕ್ಕ ಅವನ ತೆಂಗಿನ ತೋಟದ ತಗ್ಗಿನಲ್ಲಿ ಸಾಲಾಗಿ ಹೊಂಡ ತೆಗೆಸಿ, ಮೀನಿನ ಮರಿ ಮಾಡಿ ಮಾರುತ್ತಾನೆ. ಯಾರಾದರೂ ಕೆಣಕಿದರೆ, "ಹತ್ತಿ ಬೆಳ್ದೋರು ಹತ್ತಿ ತಿಂತಾರೇನಪ್ಪ?" ಅನ್ನುತ್ತಾನೆ. ಹೊಂಡಗಳಲ್ಲೆಲ್ಲ ದೊಡ್ಡದು ತಾಯಿಹೊಂಡ. ಮೊಟ್ಟೆ ಇಡುವ ದೊಡ್ಡ ದೊಡ್ಡ ಕಾಟ್ಲಾ ಮೀನುಗಳು ಅದರಲ್ಲಿರುತ್ತವೆ. ಅದಕ್ಕೆ ಮೇವು ಹಾಕುವವಳು ನಾನು. ಬೆಳಕು ಹರಿಯುವ ಮುಂಚೆ ಹಿಂಡಿ, ಅಕ್ಕಿ ತೌಡು ಕಲಸಿ ಉಂಡೆ ಕಟ್ಟಿಕೊಂಡು, ಮೂಡಲ ದಂಡೆಯ ಬಂಡೆಯ ಮೇಲೆ ನಿಂತು ಬೋಗುಣಿಯ ತಳಕ್ಕೆ ಬಳೆಯಿಂದ ಬಡಿಯುತ್ತಿದ್ದೆ. ನೀರು ಕುದಿಯುವ ಹಾಗೆ ಮೇಲೇಳುತ್ತಿತ್ತು. ಕಾಟ್ಲಾದ ಬಾಯಿ ಮೇಲ್ಮುಖವಾಗಿ ಚೊಂಬಿನ ಬಾಯಿಯಷ್ಟು ಅಗಲವಾಗಿರುತ್ತದೆ. ಅಂಥ ಬಾಯಿಗಳು ಬಂಡೆಯ ಬುಡದಲ್ಲಿ ಒಂದರ ಮೇಲೊಂದು ಬಂದು ಬೀಳುತ್ತಿದ್ದವು. ಬೈಕಿನಲ್ಲಿ ಹೋಗುವವರು ನಿಲ್ಲಿಸಿ ಫೋನಿನಲ್ಲಿ ಹಿಡಿದುಕೊಳ್ಳುತ್ತಿದ್ದರು. ತಿಪ್ಪಮ್ಮನ ಮೀನು ಅಂತಲೇ ಹೆಸರಾಗಿತ್ತು. ಗೌರಿಗೆ ಒಳ್ಳೆಯ ದನಿ, ಬೆಳ್ಳನೆಯ ಹಲ್ಲು, ಅವಳ ಮಾತಿಗೆ ತಲೆಯಾಡಿಸುವ ಗಂಡ. ಇರಲಿ. ಮೀನು ನನ್ನವು.

ಆ ವರ್ಷ ಮಳೆ ಬೇಸಿಗೆಯಲ್ಲೇ ಹಿಡಿದುಕೊಂಡಿತು. ನಮ್ಮ ಸೀಮೆಗೆ ಅಷ್ಟು ಮಳೆ ರೂಢಿಯಿಲ್ಲ. ಕಸ ತುಂಬಲು ಬಿಟ್ಟಿದ್ದ ಬಾವಿಗಳು ತುಂಬಿ ಹರಿದವು. ಹಿನ್ನೀರು ಏರುತ್ತ ಏರುತ್ತ ತೋಟದ ಬೇಲಿಗೆ ಬಂತು. ನೀರಿನ ಜೊತೆ ಸೊಳ್ಳೆ ಬಂತು, ಸೊಳ್ಳೆಯ ಜೊತೆ ಕೀಲುಜ್ವರ. ನಾನು ಮಲಗಿಬಿಟ್ಟೆ. ಕೈಬೆರಳು ಮಡಚಲು ಆಗುತ್ತಿರಲಿಲ್ಲ. ಗೋಡೆಯಾಚೆಯಿಂದ ಗೌರಿ ರುದ್ರಣ್ಣನಿಗೆ ಹೇಳುವುದು ಕೇಳಿಸಿತು.

"ಅಕ್ಕ ಎದ್ದೇಳೋತನಕ ನಾನು ಹಾಕ್ತೀನಿ ಬಿಡಣ್ಣ. ಅದೇನು ಮಹಾ ಕೆಲ್ಸ."

ಮಹಾ ಕೆಲಸವಲ್ಲವಂತೆ!

ನಾನು ಎದ್ದು ಓಡಾಡುವಷ್ಟಾದ ಮೊದಲ ದಿನವೇ, ನಸುಕಿನಲ್ಲಿ ಹೋಗಿ ಬಂಡೆಯ ಮೇಲೆ ನಿಂತು ಬೋಗುಣಿ ಬಡಿದೆ. ನೀರು ಅಲುಗಲಿಲ್ಲ. ಮತ್ತೆ ಬಡಿದೆ. ಒಂದು ಕಪ್ಪೆ ಹಾರಿತು. ಉಂಡೆ ಎಸೆದೆ, ಅದು ಮುಳುಗಿ ಹೋಯಿತು. ಸೂರ್ಯ ಮೇಲೆ ಬಂದು ಬೆನ್ನು ಸುಡುವವರೆಗೆ ನಿಂತೆ. ಮೊಮ್ಮಕ್ಕಳನ್ನು ಸ್ಕೂಲ್ ವ್ಯಾನಿಗೆ ಹತ್ತಿಸಿ, ತಲೆ ಬಾಚಿ, ಹೂವು ಮುಡಿದು ಗೌರಿ ಪಡುವಲ ದಂಡೆಗೆ ಬಂದಳು. ಆ ದಂಡೆ ಅವಳ ಮನೆದಾರಿಗೆ ಹತ್ತಿರ.

"ಅಯ್ಯ, ಅಕ್ಕ ಯಾಕೆ ಎದ್ದು ಬಂದೆ? ಕೈ ನಡುಗ್ತಾ ಐತೆ ನೋಡು," ಅಂದಳು. ಆಮೇಲೆ ನೀರಿನ ಕಡೆ ತಿರುಗಿ ಸೋಬಾನೆ ಹೇಳುವ ದನಿಯಲ್ಲಿ, "ಬರ್ರವ್ವ, ಬರ್ರಿ ಬರ್ರಿ," ಅಂದಳು.

ಬಂದವು. ಎಲ್ಲವೂ ಬಂದವು. ಬೆನ್ನಿನ ರೆಕ್ಕೆ ಹರಿದ ಒಂದು ದೊಡ್ಡ ತಾಯಿಮೀನು ಇತ್ತು. ಅದು ಬೆರಳಷ್ಟಿದ್ದಾಗಿನಿಂದ ನಾನೇ ಮೇವು ಹಾಕಿದ್ದೆ. ಅದೂ ಅವಳ ಕಾಲ ಬುಡದಲ್ಲಿ ಬಾಯಿ ಬಿಟ್ಟಿತು. ನನ್ನ ಅತ್ತೆ, ನನ್ನ ಮೈದುನ ಮೊದಲಿಂದ ಅವಳ ಕಡೆ. ನನ್ನ ಗಂಡ ಕೂಡ ಊಟಕ್ಕೆ ಕೂತಾಗ ಮೊದಲು ಅವಳ ಸಾರನ್ನೇ ಕೇಳುತ್ತಿದ್ದ. ಈಗ ಮೀನೂ ಅವಳ ಕಡೆಗಾಯಿತು.

ರುದ್ರಣ್ಣ ಇಬ್ಬರನ್ನೂ ನಿಲ್ಲಿಸಿ ಹೇಳಿದ. "ತಾಯಿಹೊಂಡಕ್ಕೆ ಒಬ್ರು ಸಾಕು. ಈ ಮಳೆಗಾಲದಾಗೆ ಮೊಟ್ಟೆ ಮಾಡ್ಸೋದು ಮುಗೀಲಿ, ಆಮೇಲೆ ಹೇಳ್ತೀನಿ. ಯಾರ ಕೈಗೆ ಮೀನು ಚೆನ್ನಾಗಿರ್ತವೋ ಅವ್ರು ಇಲ್ಲಿರ್ರಿ. ಇನ್ನೊಬ್ರು ಹಿಂದ್ಗಡೆ ಮರಿ ತೊಟ್ಟಿ ನೋಡ್ಕಳ್ರಿ. ಅಲ್ಲಿತನಕ ಗೌರಮ್ಮನೇ ಹಾಕ್ಲಿ, ತಿಪ್ಪಕ್ಕ ಹಿಂಡಿ ಕಲಸಿ ಕೊಡ್ಲಿ."

ಮರಿ ತೊಟ್ಟಿ ಅಂದರೆ ಶೆಡ್ಡಿನ ಹಿಂದೆ, ಮೋಟರಿನ ಗದ್ದಲದ ಪಕ್ಕ. ಅಲ್ಲಿ ಯಾರೂ ಬೈಕು ನಿಲ್ಲಿಸುವುದಿಲ್ಲ. ನಾನು ಹಿಂಡಿ ಕಲಸಿದೆ. ಅವಳು ಹಾಕಿದಳು. ಆ ಕಲಸುವುದರಲ್ಲಿ ನನ್ನ ಹೊಟ್ಟೆ ಉರಿದದ್ದು ಉರಿದದ್ದೇ.

ಆ ಮಳೆಗಾಲಕ್ಕೆ ಅಂಜುಮ್ ಅಂತ ಒಂದು ಹುಡುಗಿ ಬಂದಳು. ಚಿತ್ರದುರ್ಗದವಳು. ಅವರಪ್ಪನದು ಹೊಳಲ್ಕೆರೆ ರಸ್ತೆಯಲ್ಲಿ ಪೈಪು, ನಲ್ಲಿ ಮಾರುವ ಅಂಗಡಿ. ಇವಳು ಮೀನಿನ ಹಸಿವಿನ ಮೇಲೆ ಓದುತ್ತಿದ್ದಳು. ಹಸಿವಿನ ಮೇಲೂ ಓದು ಇರುತ್ತದೆ ಅಂತ ನನಗೆ ಗೊತ್ತಾದದ್ದು ಆಗ. ಬಲೆಯಲ್ಲಿ ಒಂದೊಂದೇ ಮೀನು ಹಿಡಿದು, ಮೇವಿಗೆ ಮುಂಚೆ ಒಮ್ಮೆ, ಮೇವಾದ ಮೇಲೆ ಒಮ್ಮೆ ಸೂಜಿ ಚುಚ್ಚಿ ರಕ್ತ ತೆಗೆದು ಐಸಿನ ಡಬ್ಬಿಗೆ ಹಾಕುತ್ತಿದ್ದಳು. ಒದ್ದೆ ಬಟ್ಟೆಯಿಂದ ಕಣ್ಣು ಮುಚ್ಚಿ ಮೀನು ಹಿಡಿದುಕೊಳ್ಳುವುದು ನನ್ನ ಪಾಲಿಗೆ ಬಂತು.

"ರಕ್ತದಾಗೆ ಏನು ಹುಡುಕ್ತೀಯೇ?" ಅಂತ ಕೇಳಿದೆ.

"ಹಾರ್ಮೋನು ಅಜ್ಜಿ. ಅದೊಂಥರ ರಸ. ಒಂದು ರಸ ಕರುಳಲ್ಲಿ ಹುಟ್ಟಿ ರಕ್ತದಲ್ಲಿ ತಲೆಗೆ ಹೋಗಿ, 'ಹಸಿವಾಗೈತೆ, ತಿನ್ನು' ಅನ್ನುತ್ತೆ. ತಿಂದ ಮೇಲೆ ಇನ್ನೊಂದು ಹೋಗಿ 'ಬಸ್, ಸಾಕು' ಅನ್ನುತ್ತೆ."

"ಕರುಳಾಗ್ಯಾಕೆ? ಹೊಟ್ಟೇಗಲ್ವೇನು ಹಸಿಯೋದು?"

"ಈ ಮೀನಿಗೆ ಹೊಟ್ಟೆ ಚೀಲಾನೇ ಇಲ್ಲ ಅಜ್ಜಿ. ಬಾಯಿಂದ ಸೀದಾ ಕರುಳು."

ಅಷ್ಟು ವರ್ಷ ಮೇವು ಹಾಕಿದ್ದೆ, ಹೊಟ್ಟೆಯಿಲ್ಲದವಕ್ಕೆ ಹಾಕುತ್ತಿದ್ದೇನೆ ಅಂತ ಗೊತ್ತಿರಲಿಲ್ಲ. ನಂಬಿಕೆಯಾಗಲಿಲ್ಲ. ಅವಳು ಸತ್ತ ಮೀನೊಂದನ್ನು ಸೀಳಿ ತೋರಿಸಿದಳು. ನೂಲಿನುಂಡೆ ಬಿಚ್ಚಿದ ಹಾಗೆ ಬರೀ ಕರುಳು, ಎಳೆದಷ್ಟೂ ಬಂತು.

ಆಗ ನನ್ನನ್ನು ಸುಡುತ್ತಿದ್ದ ಮಾತನ್ನೇ ಕೇಳಿದೆ. "ಹಂಗಾರೆ ಹೇಳು. ಇವು ನನ್ನ ಬಿಟ್ಟು ಅವಳ ಹತ್ರ ಯಾಕೆ ಹೋದ್ವು?"

"ನಿಮ್ಮನ್ನ ಬಿಟ್ಟಿಲ್ಲ ಅಜ್ಜಿ, ನಿಮ್ಮ ಹೊತ್ತು ಬಿಟ್ಟವೆ. ದಿನಾ ಒಂದೇ ಹೊತ್ತಿಗೆ ಮೇವು ಸಿಕ್ಕಿದ್ರೆ ಆ ಹೊತ್ತು ಹತ್ತಿರ ಆದಂಗೆ ಮೈಯಲ್ಲಿ ಹಸಿವಿನ ರಸ ಏರುತ್ತೆ, ಮೇವು ಕಾಣಾಕೆ ಮುಂಚೇನೇ ದಂಡೆಗೆ ಬಂದು ಕಾಯ್ತವೆ. ಗೌರಮ್ಮ ಒಂಬತ್ತಕ್ಕೆ ಹಾಕಿದ್ರು. ಕೆಲವು ದಿನದಲ್ಲಿ ಅವಕ್ಕೆ ಒಂಬತ್ತಕ್ಕೇ ಹಸಿಯಾಕೆ ಶುರು ಆಯ್ತು. ಅವಕ್ಕೆ ನಿಮ್ಮ ಮುಖ ಎಲ್ಲಿ ಗೊತ್ತು?"

ಅಷ್ಟು ವರ್ಷ ಅನ್ನ ಹಾಕಿದವಳ ಮುಖ ಗೊತ್ತಿಲ್ಲವಂತೆ. ಕಪಾಳಕ್ಕೆ ಹೊಡೆದ ಹಾಗಾಯಿತು. ಕೇಳಿದೆ. "ಗೌರಿ ಮುಖ?"

"ಅವರದೂ ಗೊತ್ತಿಲ್ಲ."

ಆ ದಿನ ಎರಡು ಮುದ್ದೆ ಉಂಡೆ.

ಮಳೆ ಜೋರಾದಂತೆ ತಾಯಿಮೀನುಗಳ ಹೊಟ್ಟೆ ಉಬ್ಬಿತು. ಮೊಟ್ಟೆ ಬಲಿತಿದ್ದವು. ಆಗಲೇ ಅವು ಮೇವು ಬಿಟ್ಟವು. ಗೌರಿ ಕರೆದರೆ ಗಂಡುಮೀನು ಬರುತ್ತಿದ್ದವು, ದೊಡ್ಡ ಹೆಣ್ಣುಮೀನುಗಳು ಕೆಳಗೇ ಉಳಿಯುತ್ತಿದ್ದವು. ಹಿಂಡಿ ಹಾಗೇ ಮುಳುಗಿ ಹೋಗುತ್ತಿತ್ತು. ಗೌರಿಯ ದನಿ ದಿನದಿನಕ್ಕೆ ಏರುತ್ತ ಹೋಯಿತು, ಆಮೇಲೆ ಒಡೆಯಿತು. ಕಲಸುವ ಬಾನಿಯ ಪಕ್ಕ ಕೂತು ನಾನು ಕೇಳಿಸಿಕೊಂಡೆ. ಸುಳ್ಳು ಯಾಕೆ, ಖುಷಿಯಾಯಿತು.

ಅಂಜುಮ್ ಇಬ್ಬರಿಗೂ ಹೇಳಿದಳು. "ಮೊಟ್ಟೆ ಬಲಿತಾಗ ಬೇರೆ ಹಾರ್ಮೋನಿನ ಕೈ ಮೇಲಾಗುತ್ತೆ ಗೌರಮ್ಮ. ಹಸಿವು ತಾನೇ ಇಳಿಯುತ್ತೆ. ಮೈಯಲ್ಲಿರೋ ಕೊಬ್ಬೇ ಅವಕ್ಕೆ ಊಟ. ಮೇವು ಕಡಿಮೆ ಮಾಡ್ರಿ, ಇಲ್ಲಾಂದ್ರೆ ಕೊಳೆತು ನೀರು ಕೆಡುತ್ತೆ."

ಗೌರಿ ತಲೆಯಾಡಿಸಿದಳು. ಹುಡುಗಿ ಅತ್ತ ಹೋದ ಮೇಲೆ ನನ್ನ ಕಡೆ ತಿರುಗಿದಳು. "ಬಸುರೀನ ಉಪಾಸ ಕೆಡವು ಅಂತಾಳಲ್ಲ, ಇನ್ನೂ ಮದುವೆ ಆಗದ ಹುಡುಗಿ. ಬಯಕೆ ಇರ್ತೈತಕ್ಕ. ದಿನಾ ಅದೇ ಹಿಂಡಿ ಕೊಟ್ರೆ ನಾನೂ ತಿಂತಿರ್ಲಿಲ್ಲ. ಬಾಯಿಗೆ ರುಚಿ ಅನ್ನಿಸ್ಬೇಕು."

"ಲೇ ಗೌರಿ, ಅದು ಮೀನು. ನಿನ್ನ ಬಸುರಲ್ಲ. ಹುಡುಗಿ ಹೇಳಿದ್ದು ಕೇಳು. ಹಾಕಬೇಡ, ನೀರು ಕೆಡ್ತೈತೆ."

ಅವಳು ನಕ್ಕಳು. "ನೀನು ಹಾಕಬೇಡ ಅನ್ನದೆ ಇನ್ನೇನು ಹೇಳ್ತೀಯಕ್ಕ? ಅವು ಸೊರಗಿದ್ರೆ ನಿನಗೇ ತಾನೇ ಹೊಂಡ ಬರೋದು. ನಿನ್ನ ಹೊಟ್ಟೆಕಿಚ್ಚು ಊರಿಗೇ ಗೊತ್ತೈತೆ."

ನನಗೆ ಹೊಟ್ಟೆಕಿಚ್ಚು ಇದ್ದದ್ದು ನಿಜ. ನಾನು ಹೇಳಿದ ಮಾತೂ ನಿಜ. ಎರಡೂ ಒಬ್ಬಳ ಬಾಯಿಂದಲೇ ಬಂದರೆ ಜನ ಒಂದನ್ನೇ ಕೇಳಿಸಿಕೊಳ್ಳುತ್ತಾರೆ.

ಮಾರನೆಯ ದಿನ ಗೌರಿ ತಾಯಿಹೊಂಡಕ್ಕೆ ಬಯಕೆ ಊಟ ಹಾಕಿದಳು. ನಗಬೇಡಿ, ನಿಜ. ರಾಗಿ ಹುರಿಹಿಟ್ಟಿಗೆ ಬೆಲ್ಲ, ಕೊಬ್ಬರಿ ಕಲಸಿದ್ದಳು. ಎಳ್ಳಿನ ಚಿಗಳಿ, ಹೆಸರುಕಾಳಿನ ಗುಗ್ಗರಿ, ಅರಿಶಿನದ ಅನ್ನ ಮಾಡಿದ್ದಳು. ಅಕ್ಕಪಕ್ಕದ ಹೆಂಗಸರನ್ನು ಕರೆದು ನೀರಿಗೆ ಕುಂಕುಮ ಹಾಕಿ, ಬುಟ್ಟಿ ಬುಟ್ಟಿ ಸುರಿದಳು. ನನ್ನನ್ನೂ ಕರೆದಳು. ನಾನು ಹೋಗಲಿಲ್ಲ. ಮನುಷ್ಯಳಾಗಿ ಬಸುರಿಯಾದ ನನಗೆ ಹಾಕದ ಊಟವನ್ನು ಮೀನಿಗೆ ಹಾಕುವುದನ್ನು ನಿಂತು ನೋಡುವಷ್ಟು ದೊಡ್ಡ ಮನಸ್ಸು ನನ್ನದಲ್ಲ. ರುದ್ರಣ್ಣ ಆ ದಿನ ಹಿರಿಯೂರಿಗೆ ಹೋಗಿದ್ದ. ಅಂಜುಮ್ ಐಸಿನ ಡಬ್ಬಿ ತೆಗೆದುಕೊಂಡು ಊರಿಗೆ ಹೋಗಿದ್ದಳು. ಆಮೇಲೆ ಮೋಡ ಕವಿದುಕೊಂಡಿತು. ಬಿಸಿಲೂ ಇಲ್ಲ, ಗಾಳಿಯೂ ಇಲ್ಲ. ಗೌರಿ ಮಾರನೆಯ ದಿನವೂ ಹಾಕಿದಳು. ಉಳಿದದ್ದನ್ನು ಹಾಳು ಮಾಡುವುದು ಯಾಕೆ ಅಂತ.

ಅದರ ಮುಂದಿನ ದಿನ ನಸುಕಿನಲ್ಲಿ ಎಂದಿನಂತೆ ಹಿಂಡಿ ಕಲಸಲು ಹೋದೆ. ಕಾಲು ತಾನೇ ಬಂಡೆಯ ಕಡೆ ತಿರುಗಿತು. ಅಲ್ಲಿ ನೋಡಿದೆ.

ಬಂದಿದ್ದವು. ನನ್ನ ಬಂಡೆಯ ಬುಡದಲ್ಲಿ, ನನ್ನ ಹೊತ್ತಿನಲ್ಲಿ, ಅಷ್ಟೂ ತಾಯಿಮೀನುಗಳು. ನೀರಿನ ತುಂಬ ಬಾಯಿ. ರೆಕ್ಕೆ ಹರಿದದ್ದು ಎಲ್ಲಕ್ಕಿಂತ ಮುಂದೆ ಇತ್ತು. ಹುಡುಗಿ ಹೇಳಿದ್ದು ಸುಳ್ಳು, ಇವಕ್ಕೆ ನನ್ನ ಮುಖ ಗೊತ್ತು ಅಂದುಕೊಂಡೆ. ಈಗ ಗೌರಿ ಬಂದು ನೋಡಬೇಕು ಅಂದುಕೊಂಡೆ. ಬೋಗುಣಿ ಎತ್ತಿದೆ, ಕೈ ಬಡಿಯಲು ಮೇಲೆ ಹೋಯಿತು. ಆಗ ಮೂಗಿಗೆ ಹುಳಿ ವಾಸನೆ ಬಂತು. ಮೀನುಗಳು ನನ್ನ ಕಡೆ ನೋಡುತ್ತಿರಲಿಲ್ಲ. ಗಾಳಿ ನುಂಗುತ್ತಿದ್ದವು. ಒಂದು ಪಕ್ಕಕ್ಕೆ ವಾಲಿತು, ಬಿಳಿ ಹೊಟ್ಟೆ ಕಂಡಿತು.

"ರುದ್ರಣ್ಣಾ! ಮೀನು ಸಾಯ್ತಾವೆ ಬಾರಪ್ಪೋ!" ಅಂತ ಕೂಗಿದ ಕೂಗಿಗೆ ನನ್ನ ಗಂಟಲು ಒಂದು ವಾರ ಕೂತಿತ್ತು.

ರುದ್ರಣ್ಣ ಪಂಚೆ ಕಟ್ಟಿಕೊಂಡು ಓಡಿ ಬಂದು ಮೋಟರು ಹಾಕಿದ, ಪೈಪಿನ ನೀರನ್ನು ಮೇಲಿಂದ ಸುರಿಯುವ ಹಾಗೆ ತಿರುಗಿಸಿದ. ಗೌರಿ ಕೆದರಿದ ತಲೆಯಲ್ಲೇ ಬಂದಳು. ನಾನೂ ಅವಳೂ ಎದೆಮಟ್ಟ ನೀರಿಗಿಳಿದು ತೆಂಗಿನ ಗರಿಯಿಂದ ನೀರು ಬಡಿದೆವು, ನೀರಿಗೆ ಗಾಳಿ ಹಿಡಿಯಲಿ ಅಂತ. ಮಾತಿಲ್ಲ ಕತೆಯಿಲ್ಲ. ಬಿಸಿಲು ಬಂದ ಮೇಲೆ ಒಂದೊಂದೇ ಕೆಳಗಿಳಿದವು. ಕೆಲವು ಇಳಿಯಲಿಲ್ಲ. ರೆಕ್ಕೆ ಹರಿದದ್ದನ್ನು ನಾನೇ ದಂಡೆಗೆ ಎಳೆದು ಹಾಕಿದೆ. ಹೊಟ್ಟೆ ತುಂಬ ಮೊಟ್ಟೆ ಇತ್ತು.

ರುದ್ರಣ್ಣ ಬಲೆಯಿಂದ ತಳ ಕೆದಕಿದ. ಕೊಳೆತ ಗುಗ್ಗರಿ, ಅನ್ನ, ಹಿಟ್ಟು ಬಂತು. ಅವನು ಗೌರಿಯ ಕಡೆ ತಿರುಗಲೇ ಇಲ್ಲ. ಸೀದಾ ನನ್ನನ್ನು ನೋಡಿದ.

"ತಿಪ್ಪಕ್ಕ, ನೀನೇನಾ?"

ನಾನು ಬಾಯಿ ತೆಗೆದೆ. ಕೂಗಿ ಕೂತ ಗಂಟಲಿಂದ ದನಿಯೇ ಬರಲಿಲ್ಲ. ಗೌರಿ ಮುಂದೆ ಬಂದಳು. ಸೀರೆಯಿಂದ ನೀರು ಸುರಿಯುತ್ತಿತ್ತು.

"ಅಕ್ಕ ಅಲ್ಲಣ್ಣ, ನಾನೇ. ತಾಯಂದ್ರು ಉಪಾಸ ಅವೆ ಅಂತ ಬಯಕೆ ಊಟ ಹಾಕ್ದೆ. ಅಕ್ಕ ಬೇಡ ಅಂದ್ಲು, ನಾನೇ ಕೇಳ್ಲಿಲ್ಲ. ಕೆಲ್ಸದಿಂದ ತೆಗೆದ್ರೂ ಸರಿ." ಅಷ್ಟು ಹೇಳಿ ಅಳತೊಡಗಿದಳು. ಅವಳು ಅತ್ತರೂ ಮುಖ ಕೆಡುವುದಿಲ್ಲ.

ರುದ್ರಣ್ಣ ಬಲೆ ಕೆಳಗಿಟ್ಟ. ಆಮೇಲೆ ಅವನಿಗೇ ನಗು ಬಂತು. "ಮೀನಿಗೆ ಬಯಕೆ ಊಟಾನ? ನಮ್ಮವ್ವ ಕೇಳಿದ್ರೆ ನಿನಗೇ ಸೀರೆ ಉಡಿಸ್ತಾಳೆ. ಹೋಗ್ಲಿ ಬಿಡವ್ವ, ಅಳಬೇಡ. ಬೇರೆಯೋರಾಗಿದ್ರೆ ಇನ್ನೊಬ್ರ ಮೇಲೆ ಹಾಕಿರೋರು. ನೀನು ಇದ್ದದ್ದು ಇದ್ದಂಗೆ ಹೇಳ್ದೆ."

ತಾಯಿಹೊಂಡ ಅವಳಿಗೇ ಆಯಿತು. ನಾನು ಮರಿ ತೊಟ್ಟಿಗೆ.

ಬೇಡ ಅಂದವಳು ನಾನು, ನಸುಕಿನಲ್ಲಿ ಕೂಗಿದವಳು ನಾನು, ಮೀನು ಉಳಿದದ್ದು ನನ್ನ ಗಂಟಲಿಂದ. ಕೊಂದವಳು ಅವಳು. ಒಪ್ಪಿಕೊಂಡಳು ಅಂತ ಅವಳಿಗೆ ಹೊಂಡ. ನಾನು ಒಪ್ಪಿಕೊಳ್ಳಲು ನನ್ನ ಹತ್ತಿರ ತಪ್ಪೇ ಇರಲಿಲ್ಲ, ಏನು ಮಾಡಲಿ? ಅವಳ ದನಿಗೆ, ಹಲ್ಲಿಗೆ, ಬಳೆಗೆ ಪಟ್ಟ ಹೊಟ್ಟೆಕಿಚ್ಚು ಒಂದು ತೂಕವಾದರೆ, ಅವಳು ಆ ದಿನ ನನ್ನ ಪರ ಆಡಿದ ಮಾತಿಗೆ ಪಟ್ಟದ್ದು ಇನ್ನೊಂದು ತೂಕ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಉಳಿದ ತಾಯಿಮೀನುಗಳಿಗೆ ಅಂಜುಮ್ ಬಂದು ಮೊಟ್ಟೆ ಇಡುವ ಹಾರ್ಮೋನಿನ ಸೂಜಿ ಹಾಕಿಸಿದಳು. ಜಡಿಮಳೆಯಲ್ಲಿ ಮೊಟ್ಟೆ ಇಟ್ಟವು. ಹೊಟ್ಟೆ ಇಳಿದು ತೆಳ್ಳಗಾಗಿ ಹೊಂಡಕ್ಕೆ ವಾಪಸು ಬಂದವು. ಕೆಲವು ದಿನಕ್ಕೆ ಹಸಿವು ತಿರುಗಿ ಬಂತು. ಎಂಥ ಹಸಿವು! ಒಂಬತ್ತಕ್ಕೆ ಗೌರಿ ಬಾಯಿ ತೆರೆಯುವ ಮುಂಚೆಯೇ ಪಡುವಲ ದಂಡೆ ಕುದಿಯುತ್ತಿತ್ತು. ಅವಳ ನಗು ಶೆಡ್ಡಿನ ಹಿಂದೆ ಮೋಟರಿನ ಗದ್ದಲದಲ್ಲೂ ಕೇಳಿಸುತ್ತಿತ್ತು. ಮಳೆಗಾಲದ ಕೊನೆಗೆ ಮಾರಿಕಣಿವೆ ಕೋಡಿ ಬಿತ್ತು. ಊರೆಲ್ಲ ನೋಡಲು ಹೋಯಿತು. ನಾನು ಹೋಗಲಿಲ್ಲ, ತೊಟ್ಟಿಯ ಹತ್ತಿರ ಇದ್ದೆ.

ನನಗೆ ಕೆಲಸವಿತ್ತು. ಆ ಮೊಟ್ಟೆಗಳಿಂದ ಬಂದ ಮರಿಗಳು ಮೊದಮೊದಲು ದಿನವಿಡೀ ತಿನ್ನುತ್ತಿದ್ದವು. ಬೆರಳಷ್ಟಾದ ಮೇಲೆ ನಾನು ಹೊತ್ತು ಹಿಡಿದೆ. ಬೆಳಕು ಹರಿಯುವ ಮುಂಚೆ ಒಮ್ಮೆ, ಹೊತ್ತು ಮುಳುಗುವಾಗ ಒಮ್ಮೆ. ನಡುವೆ ಒಂದು ಕಾಳು ಹಾಕಲಿಲ್ಲ. ಮಳೆ, ಚಳಿ, ಹಬ್ಬ, ಕೀಲುನೋವು ಯಾವುದಕ್ಕೂ ತಪ್ಪಿಸಲಿಲ್ಲ. ತೊಟ್ಟಿಯಿಂದ ಹಿಂದಿನ ಸಣ್ಣ ಹೊಂಡಕ್ಕೆ ಹೋದ ಮೇಲೂ ಅದೇ ಹೊತ್ತು. ರುದ್ರಣ್ಣ ಮಾರಿದ್ದು ಮಾರಿ, ಒಳ್ಳೆಯವನ್ನು ಆರಿಸಿ ಉಳಿಸಿಕೊಂಡ. ಮುಂದೆ ತಾಯಿಹೊಂಡಕ್ಕೆ ಹೋಗುವವು ಇವೇ ಅಂತ ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಇಬ್ಬರಿಗೂ ಗೊತ್ತಿತ್ತು. ಗೌರಿಗೆ ಮಾತ್ರ ಅದರ ಯೋಚನೆ ಇರಲಿಲ್ಲ. ಅವಳು ಕರೆದರೆ ಬರದ ಮೀನು ಇರುತ್ತದೆ ಅಂತ ಅವಳಿಗೆ ಯಾಕೆ ಅನ್ನಿಸಬೇಕು?

ಈ ವರ್ಷ ಹಳೆಯ ತಾಯಿಮೀನುಗಳನ್ನು ಮಾರಿ, ನಾನು ಬೆಳೆಸಿದವನ್ನು ತಾಯಿಹೊಂಡಕ್ಕೆ ಬಿಟ್ಟರು. ಬಲೆಯ ಹೆದರಿಕೆ ಇಳಿಯಲಿ ಅಂತ ಎರಡು ದಿನ ಮೇವು ಹಾಕಲಿಲ್ಲ. ಮೂರನೆಯ ದಿನ ನಸುಕಿನಲ್ಲಿ ನಾನು ಹೋಗಿ ನೋಡಿದೆ. ಬಡಿಯಲಿಲ್ಲ, ಕರೆಯಲಿಲ್ಲ. ಬಂದು ಕಾಯುತ್ತಿದ್ದವು. ಒಂದು ಹಿಡಿ ಹಾಕಿ ಬಂದೆ. ನನ್ನ ಮುಖ ನೋಡಿ ಬಂದದ್ದಲ್ಲ ಅಂತ ಗೊತ್ತು. ಕೆಲವು ದಿನ ಹೋದರೆ ಇವೂ ಒಂಬತ್ತಕ್ಕೆ ಹಸಿಯುತ್ತವೆ ಅಂತಲೂ ಗೊತ್ತು. ಆ ಕೆಲವು ದಿನಕ್ಕಾಗಿ ನಾನು ಇಷ್ಟು ಮಳೆಗಾಲ ಕಾದಿದ್ದೆ.

ಒಂಬತ್ತಕ್ಕೆ ಗೌರಿ ಹೂವು ಮುಡಿದು ಬಂದಳು. "ಬರ್ರವ್ವ, ಬರ್ರಿ ಬರ್ರಿ." ನೀರು ಗಾಜಿನ ಹಾಗೆ ಇತ್ತು. ಮತ್ತೆ ಕರೆದಳು. ಉಂಡೆ ಎಸೆದಳು. ಬೈಕು ನಿಲ್ಲಿಸಿದ್ದ ಇಬ್ಬರು ಸ್ವಲ್ಪ ಹೊತ್ತು ನೋಡಿ ಹೊರಟು ಹೋದರು. ಕಡೆಗೆ ಬೋಗುಣಿ ಕಂಕುಳಲ್ಲಿ ಇಟ್ಟುಕೊಂಡು, ಅಷ್ಟು ವರ್ಷದಲ್ಲಿ ಮೊದಲ ಸಲ, ಶೆಡ್ಡಿನ ಹಿಂದಕ್ಕೆ ನನ್ನನ್ನು ಹುಡುಕಿಕೊಂಡು ಬಂದಳು.

"ಅಕ್ಕ, ನಿನ್ನ ಮೀನು ನನ್ನ ಹತ್ರ ಬರಾಕಿಲ್ಲ ಅಂತಾವಲ್ಲ. ಬಾರೆ, ಒಂದ್ಸಲ ಕರಿ ಬಾ."

ನನ್ನ ಮೀನು ಅಂದಳು. ಅವಳ ಬಾಯಿಂದಲೇ.

"ಈಗ ಅವಕ್ಕೆ ಹಸಿವಿಲ್ಲ ಕಣೆ," ಅಂದೆ. "ನಾಳೆ ಬೆಳಕು ಹರಿಯಾಕೆ ಮುಂಚೆ ಎದ್ದು ಬಾ. ನನ್ನ ಹಿಂದೆ ನಿಂತ್ಕಂಡು ನೋಡು."